ಬರಿಗೊರಳಿನ ಅವ್ವನನ್ನು ಕರೆತಂದದ್ದು

ದೇವರ ಹೆಸರು ಹೇಳಿ ಹೊರಟರೆ ಯಾವ ಮಾವನೂ ಸೊಸೆಯನ್ನು ತಡೆಯಲಾರ. ಸುರಪುರದ ದೇವರಿಗೆ ಹರಕೆ ಇದೆ ಎಂದು ನಾನು ಹೇಳಿದೆ. ಜೊತೆಗೆ ನೀಲವ್ವತ್ತೆಯೂ ಬರುತ್ತಾಳೆ ಎಂದೆ. ಮಾವ ಅರಳೆಯ ಅಂಗಡಿಗೆ ಹೋಗುವ ಅವಸರದಲ್ಲಿದ್ದರು. ತಲೆ ಎತ್ತದೆಯೇ ಹೂಂ ಎಂದರು.

ಹರಕೆ ಸುಳ್ಳು. ನಾವು ಹೊರಟದ್ದು ಸುರಪುರದ ಒಬ್ಬ ಚಿತ್ರಗಾರನ ಮನೆಯಲ್ಲಿದ್ದ ಒಂದು ಹಾಳೆ ನೋಡುವುದಕ್ಕೆ. ಅದನ್ನು ಮೊದಲು ಹೇಳಿಬಿಡಬೇಕು, ಇಲ್ಲದಿದ್ದರೆ ನನ್ನ ಸಿಟ್ಟಿಗೆ ತಲೆಬುಡ ತಿಳಿಯುವುದಿಲ್ಲ.

ನೀಲವ್ವತ್ತೆ ನನ್ನ ಮಾವನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡು ಯಾದಗಿರಿಯಲ್ಲಿ ತಮ್ಮನ ಮನೆ ಸೇರಿದವಳು. ಅವರಿಬ್ಬರ ತಾಯಿ ಗುರವ್ವ ಮಾವನನ್ನು ಹೆತ್ತ ಮೂರನೆಯ ದಿನ ತೀರಿಹೋದಳು. ಆಗ ಅತ್ತೆಗೆ ಮೂರು ವರ್ಷವೂ ತುಂಬಿರಲಿಲ್ಲ. ಅವರ ತಂದೆ ಸುರಪುರದಲ್ಲಿ ಬಟ್ಟೆ ವ್ಯಾಪಾರ ಮಾಡುತ್ತಿದ್ದವರು. ಹೆಂಡತಿಯ ಕುಬ್ಬಸದ ಕಾಲಕ್ಕೆ, ಎಂದರೆ ಮಾವ ಹೊಟ್ಟೆಯಲ್ಲಿದ್ದಾಗ, ಅವಳ ಒಂದು ಚಿತ್ರ ಬರೆಸಿದ್ದರು. ಎರಡನೆಯ ಹೆಂಡತಿ ಬಂದ ವರ್ಷ ಅದು ಗೋಡೆಯಿಂದ ಇಳಿಯಿತು. ಆಮೇಲೆ ಅದು ಎಲ್ಲಿ ಹೋಯಿತೆಂದು ಯಾರೂ ಹೇಳಲಿಲ್ಲ. ಹೀಗಾಗಿ ಅತ್ತೆ ತನ್ನ ತಾಯಿಯ ಮುಖವನ್ನು ನೆನಪಿನಲ್ಲೂ ಕಾಣದೆ ಅರವತ್ತು ದಾಟಿದಳು.

ಆ ಚಳಿಗಾಲ ಮಾವ ಸುರಪುರಕ್ಕೆ ಹತ್ತಿ ಖರೀದಿಗೆ ಹೋಗಿ ಬಂದರು. ಊಟಕ್ಕೆ ಕುಳಿತಾಗ ನನ್ನ ಗಂಡನಿಗೆ ಹೇಳಿದರು: ಚಿತ್ರಗಾರ ಈರಣ್ಣನ ಹಳೆಯ ಗಂಟಿನಲ್ಲಿ ಒಂದು ಹೆಂಗಸಿನ ಕಚ್ಚಾ ಚಿತ್ರ ಸಿಕ್ಕಿದೆಯಂತೆ, ಅದು ಮಾವನ ತಾಯಿ ಗುರವ್ವನದೇ ಎಂದು ಅವನೇ ಹೇಳಿದನಂತೆ. ಆದರೆ ಹೈದರಾಬಾದಿನಿಂದ ಬಂದ, ಹಳೆಯ ಚಿತ್ರ ಕೂಡಿಸುವ ವಕೀಲರೊಬ್ಬರು ಅದನ್ನು ಪರೀಕ್ಷಿಸಿ, ಇವಳು ಕುಣಿಯುವವಳು ಎಂದು ತೀರ್ಮಾನ ಮಾಡಿದ್ದಾರಂತೆ.

"ದೇವ್ರು ದೊಡ್ಡಾಂವ. ನಮ್ಮವ್ವ ಅಲ್ಲ ಅಂತ ಆತು, ಇಜ್ಜತ್ ಉಳೀತು" ಎಂದರು ಮಾವ.

"ನೀವು ನೋಡಿದ್ರ್ಯಾ?" ಎಂದು ನನ್ನ ಗಂಡ ಕೇಳಿದರು.

"ನೋಡಬಾರದ್ದು ನಾ ಯಾಕ ನೋಡ್ಲಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಇದು. ಒಳಗೆ ಒಲೆಯ ಮುಂದೆ ಅತ್ತೆ ರೊಟ್ಟಿ ತಟ್ಟುತ್ತಿದ್ದಳು. ತಟ್ಟುವ ಸದ್ದು ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಕರಕಾಯಿತು. "ನನ್ನ ಸುರಪುರಕ್ಕ ಕರ್ಕೊಂಡು ಹೋಗ್ತಿ ಏನ?" ಎಂದು ಆ ರಾತ್ರಿಯೇ ನನ್ನನ್ನು ಕೇಳಿದಳು. ಅಷ್ಟು ವರ್ಷದಲ್ಲಿ ಅವಳು ನನ್ನಲ್ಲಿ ಇಟ್ಟ ಮೊದಲ ಬೇಡಿಕೆ ಅದು.

ಲಡಾಯಿಯ ಕಾಲ. ಪೆಟ್ರೋಲು ಸಿಗುತ್ತಿರಲಿಲ್ಲ. ಮೋಟಾರುಗಳ ಬೆನ್ನಿಗೆ ಒಂದು ಕಬ್ಬಿಣದ ಪೀಪಾಯಿ ಕಟ್ಟಿ, ಅದರಲ್ಲಿ ಇದ್ದಲು ಸುಟ್ಟು, ಆ ಹೊಗೆಯಿಂದ ಓಡಿಸುತ್ತಿದ್ದರು. ಯಾದಗಿರಿಯ ಸ್ಟೇಷನ್ನಿನ ಎದುರು ನಿಂತಿದ್ದ ಶಹಾಪುರದ ಮೋಟಾರಿನ ಪೀಪಾಯಿಗೆ ಒಬ್ಬ ಹುರುಪಿನ ಡ್ರೈವರ್ ಗಾಳಿ ಊದುತ್ತಿದ್ದ. ಶಹಾಪುರಕ್ಕೆ ನಿಜಾಮರ ಹಾಲಿ ಸಿಕ್ಕಾ ನಾಣ್ಯದಲ್ಲಿ ಆರಾಣೆ, ಇಪ್ಪತ್ತೆರಡು ಮೈಲಿ ದಾರಿ. ನಾವೇ ಎಲ್ಲರಿಗಿಂತ ಮೊದಲು ಬಂದಿದ್ದೆವು. ಅತ್ತೆ ಮೆಟ್ಟಿಲ ಮೇಲೆ ಕಾಲಿಟ್ಟಳು.

"ಏ ಅಮ್ಮಾ, ತಡೀರಿ, ತಡೀರಿ" ಎಂದು ಡ್ರೈವರ್ ಓಡಿಬಂದ. "ಬೋಣಿ ಹೊತ್ತು ಐತ್ರಿ. ಮೊದ್ಲ ಯಾರರ ಮುತ್ತೈದಿ ಹತ್ಲಿ. ಬೇಜಾರ್ ಮಾಡ್ಕೋಬ್ಯಾಡ್ರಿ, ಹಾದಿ ಮ್ಯಾಲ ಗಾಡಿ ಕೆಟ್ಟು ನಿಂತ್ರ ನಂದು ನೌಕರಿ ಹೋಗ್ತೈತಿ."

ಅವನ ಹೊಗೆಯ ಪೀಪಾಯಿ ದಿನಕ್ಕೆ ಎರಡು ಸಲ ಕೆಟ್ಟು ನಿಲ್ಲುತ್ತದೆಂದು ಯಾದಗಿರಿಯ ನಾಯಿಗಳಿಗೂ ಗೊತ್ತಿತ್ತು. ನನಗೆ ಉರಿ ನೆತ್ತಿಗೇರಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಸುಮ್ಮನೆ ಕಾಲು ಹಿಂದೆ ತೆಗೆದು ನನ್ನನ್ನು ಮುಂದೆ ನೂಕಿದಳು. ನಾನು ಹತ್ತಿದೆ. ನನ್ನ ಹಿಂದೆ ಎರಡು ಹತ್ತಿಯ ಅಂಡಿಗೆ, ಒಂದು ಆಡು ಹತ್ತಿದವು. ಆಮೇಲೆ ಅತ್ತೆ ಹತ್ತಿದಳು. ಆಡಿಗಿಂತ ಹಿಂದೆ ಹತ್ತಿದ ನನ್ನ ಅತ್ತೆಯನ್ನು ನೋಡಿದಾಗಿನ ಸಿಟ್ಟು ಇವತ್ತಿಗೂ ಪೂರಾ ಆರಿಲ್ಲ.

ಭೀಮಾ ಹೊಳೆ ದಾಟಿದೆವು. ನೀರು ಕಡಿಮೆಯಾಗಿತ್ತು, ಮೀನುಗಾರರು ಸೊಂಟದವರೆಗೆ ಇಳಿದು ಬಲೆ ಎಳೆಯುತ್ತಿದ್ದರು. ಎರಡೂ ಕಡೆ ಜೋಳ ತೆನೆ ಕಟ್ಟಿ ನಿಂತಿತ್ತು. ಮುತ್ತೈದೆ ಮೊದಲು ಹತ್ತಿದ್ದರೂ ಮೋಟಾರು ಅರ್ಧ ದಾರಿಯಲ್ಲಿ ಕೆಟ್ಟೇ ನಿಂತಿತು. ಅತ್ತೆ ಬುತ್ತಿ ಬಿಚ್ಚಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟಳು. ಡ್ರೈವರನಿಗೂ ಒಂದು ರೊಟ್ಟಿ ಕೊಟ್ಟಳು. ಅವನು ನಾಚಿಕೆಯಿಲ್ಲದೆ ತಿಂದ.

ಶಹಾಪುರ ಸಮೀಪಿಸಿದಾಗ ಗುಡ್ಡ ಕಾಣಿಸಿತು. ಅಂಗಾತ ಮಲಗಿದ ಮನುಷ್ಯನ ಹಾಗೆ ಹಣೆ, ಮೂಗು, ಎದೆ ಎಲ್ಲ ಸ್ಪಷ್ಟವಾಗಿ ಕಾಣುವ ಗುಡ್ಡ ಅದು. ಪಕ್ಕದ ಧಾನ್ಯದ ವ್ಯಾಪಾರಿ ಅದು ಯಾರೋ ರಾಜ ಮಲಗಿದ್ದು ಎಂದ. ಹಿಂದಿನವನೊಬ್ಬ, ಅಲ್ಲ, ಋಷಿ ಎಂದ. ಅತ್ತೆ ಬಹಳ ಹೊತ್ತು ನೋಡಿ, "ದಗದ ಮಾಡಿ ದಣದು ಮಲಗಿದ ಹೆಣ್ಮಗಳು ಅದು. ಗಂಡಸಾಗಿದ್ರ ಇಷ್ಟು ನೆಟ್ಟಗ ಮಲಗ್ತಿದ್ದಿಲ್ಲ" ಎಂದಳು. ವ್ಯಾಪಾರಿ ನಕ್ಕ. ಅತ್ತೆ ನಗಲಿಲ್ಲ.

ಶಹಾಪುರ ನನ್ನ ತವರು. ಆ ರಾತ್ರಿ ಅಲ್ಲೇ ಉಳಿದೆವು. ನನ್ನ ಅವ್ವ ಪುಂಡಿಪಲ್ಯ ಮಾಡಿದ್ದಳು. ಊಟವಾದ ಮೇಲೆ ಅತ್ತೆ ಅವ್ವನ ಮುಂದೆ ಒಂದು ಮಾತು ಹೇಳಿದಳು. ಅದನ್ನು ನಾನೂ ಅದೇ ಮೊದಲು ಕೇಳಿದ್ದು. "ನಾ ಕೂಸಿದ್ದಾಗ ನಮ್ಮವ್ವನ ಓಲಿ ಹಿಡದು ಜಗ್ಗಿ ಆಕಿ ಎಡಗಿವಿ ಹರದು ಬಿಟ್ಟಿದ್ನಂತ. ಸಣ್ಣಾಕಿದ್ದಾಗ ನಮ್ಮಜ್ಜಿ ಬೈತಿದ್ಲು, ತಾಯಿ ಕಿವಿ ಹರದಾಕಿ ಅಂತ. ಆಕಿ ಬಗ್ಗೆ ನಂಗ ಮಾಲೂಮಿದ್ದದ್ದು ಅದೊಂದ. ಆ ಕಿವಿ ಆ ಹಾಳ್ಯಾಗ ಐತೇನು ನೋಡಬೇಕು."

ಮರುದಿನ ಸುರಪುರ ಹದಿನೈದು ಮೈಲಿ. ಕರಿ ಬಂಡೆಗಳ ಗುಡ್ಡಗಳ ನಡುವೆ ಊರು ಅಡಗಿ ಕುಳಿತಿದೆ. ನಾಯಕರ ಅರಮನೆಯ ಗೋಡೆಗಳ ಸುಣ್ಣ ಉದುರಿತ್ತು, ಬಾಗಿಲ ಮುಂದೆ ಎಮ್ಮೆಗಳು ಮಲಗಿದ್ದವು. ದೇವರಿಗೆ ನಿಜವಾಗಿಯೂ ಕಾಯಿ ಒಡೆಸಿದೆವು, ಸುಳ್ಳು ಅರ್ಧಕ್ಕಾದರೂ ಇಳಿಯಲಿ ಎಂದು. ಅಲ್ಲಿಂದ ಚಿತ್ರಗಾರರ ಓಣಿ ಹತ್ತಿರವೇ ಇತ್ತು.

ಈರಣ್ಣ ತಲೆತಲಾಂತರದ ಚಿತ್ರಗಾರ. ಬಂಗಾರದ ಹಾಳೆ ಹಚ್ಚುವ ಕೈ ಎಂದು ಹೆಸರು ಹೋದವನು, ಅದನ್ನು ಅವನು ಮರೆಯುವುದೂ ಇಲ್ಲ, ಬೇರೆಯವರಿಗೆ ಮರೆಯಗೊಡುವುದೂ ಇಲ್ಲ. ಅವನ ಪಡಸಾಲೆಯ ಹೊರಸಿನ ಮೇಲೆ ಹೈದರಾಬಾದಿನ ವಕೀಲರು ಚಹಾ ಕುಡಿಯುತ್ತ ಕುಳಿತಿದ್ದರು. ಕರಿ ಶೇರವಾನಿ, ಬಂಗಾರದ ಚೌಕಟ್ಟಿನ ಚಷ್ಮಾ. ತಾವು ಕೂಡಿಸಿದ ಚಿತ್ರಗಳನ್ನೆಲ್ಲ ಹೈದರಾಬಾದಿನಲ್ಲಿ ಪ್ರದರ್ಶನಕ್ಕೆ ಇಡುವವರಿದ್ದರು. ಆ ದಿನವೇ ಹಾಳೆ ಒಯ್ಯುವುದಕ್ಕೆ ಬಂದಿದ್ದರು.

ಈರಣ್ಣ ಹಾಳೆಯನ್ನು ಬೆಳಕಿಗೆ ತಂದ.

ಎಷ್ಟು ಕಡಿಮೆ ಗೆರೆಗಳು! ಹಣೆಯಿಂದ ಗಲ್ಲದವರೆಗೆ ಒಂದೇ ಎಳೆತ. ಕೂದಲಿಗೆ ನಾಲ್ಕು ಗೀರು. ಕಣ್ಣು ಎರಡು ಬಾಗು ಗೆರೆಗಳು ಮಾತ್ರ, ಒಳಗೆ ಕಣ್ಣುಗುಡ್ಡೆಯ ಕರಿ ಬೊಂಬೆಯಿಲ್ಲ. ಕೊರಳು ಬರಿದು, ಹಣೆ ಬರಿದು. ಸೀರೆಯ ಸೆರಗು ಹೆಗಲ ಹತ್ತಿರ ಶುರುವಾಗಿ ಅಲ್ಲೇ ನಿಂತುಬಿಟ್ಟಿತ್ತು. ಎಲ್ಲವನ್ನೂ ಅವಸರದಲ್ಲಿ ಬಿಟ್ಟ ಕೈ ಒಂದು ಕಡೆ ಮಾತ್ರ ನಿಧಾನಿಸಿತ್ತು: ಎಡಗಿವಿ. ಅದರ ಹಾಲೆ ಇಬ್ಭಾಗವಾಗಿ ಹರಿದದ್ದನ್ನು ಕೂದಲೆಳೆಯಂಥ ಗೆರೆಯಲ್ಲಿ ಬರೆದಿತ್ತು.

ಅತ್ತೆ ತನ್ನ ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡಳು, ಮುಟ್ಟಲು ಹೋದಳು, ಮುಟ್ಟಲಿಲ್ಲ.

ಹಾಳೆಯ ಕೆಳಗೆ ಒಂದು ಉರ್ದು ಚೀಟಿ ಅಂಟಿಸಿತ್ತು. ನಾನು ನಿಜಾಮರ ಮದರಸೆಯಲ್ಲಿ, ಎಂದರೆ ಸರ್ಕಾರಿ ಶಾಲೆಯಲ್ಲಿ, ಉರ್ದು ಕಲಿತವಳು. ‘ಸುರಪುರದ ತವಾಯಫ್’ ಎಂದು ಬರೆದಿತ್ತು. ಏನು ಬರೆದಿದೆ ಎಂದು ಅತ್ತೆ ಕೇಳಿದಳು. ಕುಣಿದು ಜನರನ್ನು ರಂಜಿಸುವವಳು ಎಂದು ಹೇಳಬೇಕಾಯಿತು.

"ಇವರು ನನ್ನ ತಾಯಿ ಅದಾರ್ರಿ. ಈ ಕಿವಿ ಹರದಾಕಿ ನಾನ" ಎಂದಳು ಅತ್ತೆ.

ವಕೀಲರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಮಗುವಿಗೆ ಲೆಕ್ಕ ಹೇಳಿಕೊಡುವವರ ಹಾಗೆ ಮುಗುಳ್ನಕ್ಕರು. "ತಾಯಿ, ತಮ್ಮ ಭಾವನೆ ನನಗೆ ಅರ್ಥವಾಗುತ್ತದೆ. ಆದರೆ ಚಿತ್ರವನ್ನು ಓದಬೇಕು. ಕೊರಳಲ್ಲಿ ತಾಳಿಯಿಲ್ಲ, ಹಣೆಯಲ್ಲಿ ಕುಂಕುಮವಿಲ್ಲ. ಸರಿ, ವಿಧವೆಯೋ? ಅಲ್ಲ, ಕೂದಲು ನೋಡಿ, ಹೆರಳು ಹಾಕಿದೆ. ಭಾರದ ಆಭರಣ ಹಾಕಿ ಹಾಕಿ ಕಿವಿ ಹರಿದಿದೆ. ನೋಟ ನೇರವಾಗಿಲ್ಲ, ಓರೆ. ಇಂಥ ಸ್ತ್ರೀ ಗೃಹಿಣಿಯಾಗಿರಲು ಸಾಧ್ಯವೇ ಇಲ್ಲ."

ಬೊಂಬೆಯೇ ಇಲ್ಲದ ಕಣ್ಣಿನಲ್ಲಿ ಓರೆನೋಟ ಕಂಡ ಮಹಾನುಭಾವರು! ತಾಳಿ ಇದ್ದರೆ ಹೆಂಡತಿ, ಇಲ್ಲದಿದ್ದರೆ ಸೂಳೆ. ಈ ಎರಡು ಗೂಟಗಳ ನಡುವೆ ಹೆಂಗಸನ್ನು ಕಟ್ಟಿಹಾಕುವುದಕ್ಕೆ ಹೈದರಾಬಾದಿಗೆ ಹೋಗಿ ಓದಬೇಕಾಗಿತ್ತೆ? ನನ್ನ ಮಾವ ಅಂಗಡಿಯಲ್ಲಿ ಕೂತೇ ಅದನ್ನು ಕಲಿತಿದ್ದರು. ನಾನು ಈರಣ್ಣನ ಕಡೆ ತಿರುಗಿದೆ. "ನಮ್ಮ ಮಾವಗ ಇದು ನಿಮ್ಮ ತಾಯಿದು ಅಂತ ಹೇಳಿದವ್ರು ನೀವು. ಈಗೇನಂತೀರಿ?"

"ನಮ್ಮ ಮುತ್ತ್ಯಾನ ಕಾಲದ್ದು. ಹಿಂಗೂ ಇರಬಹುದು, ಹಂಗೂ ಇರಬಹುದು" ಎಂದ ಅವನು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು.

ಅಷ್ಟು ಹೊತ್ತೂ ಅತ್ತೆಯ ಕಣ್ಣು ಬೇರೆಲ್ಲೋ ಇತ್ತು. ಹಳೆಯ ಹಾಳೆಗಳ ಗಂಟು ಬಿಚ್ಚಿಯೇ ಬಿದ್ದಿತ್ತು. ಮೇಲಿನ ಹಾಳೆಯಲ್ಲಿ ತಾವರೆಯ ಮೇಲೆ ಕುಳಿತ ಒಬ್ಬ ಹೆಂಗಸು, ನಾಲ್ಕು ಕೈ, ಎರಡೂ ಕಡೆ ಆನೆ. ಅದೂ ಬರಿ ಗೆರೆಯ ಚಿತ್ರವೇ.

"ಈಕಿ ಯಾರು?" ಎಂದಳು ಅತ್ತೆ.

"ಏನ್ ಹಂಗ ಕೇಳ್ತೀರಿ, ಲಕ್ಷ್ಮೀರಿ."

"ಲಕ್ಷ್ಮಿ ಕೊಳ್ಳಾಗ ತಾಳಿ ಎಲ್ಲೈತಿ?"

ನಾನು ಹೋಗಿ ಗಂಟಿಗೆ ಕೈ ಹಾಕಿದೆ. ಶಿವನ ತೊಡೆಯ ಮೇಲಿನ ಪಾರ್ವತಿ, ಬರಿಗೊರಳು. ರಾಮನ ಪಕ್ಕದ ಸೀತೆ, ಬರಿಗೊರಳು, ಬರಿಹಣೆ. ಹಾಳೆಯ ಮೇಲೆ ಹಾಳೆ ತೆಗೆದು ವಕೀಲರ ಚಹಾದ ಬಟ್ಟಲಿನ ಸುತ್ತ ಹರಡಿದೆ.

"ಇವ್ರೆಲ್ಲಾ ಯಾವ ಓಣ್ಯಾಗ ಕುಣೀತಿದ್ರು ಕೇಳ್ರಿ ಸಾಹೇಬ್ರನ್ನ" ಎಂದಳು ಅತ್ತೆ.

ಆಗ ಈರಣ್ಣ ಬಾಯಿ ಬಿಟ್ಟ. ಅವರ ಮನೆತನದಲ್ಲಿ ಈ ಕಚ್ಚಾ ಹಾಳೆ ಕೆಲಸದ ಸಾಮಾನು ಮಾತ್ರ. ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚುತ್ತಾರೆ. ಚುಚ್ಚಿದ ಹಾಳೆಯನ್ನು ಹೊಸ ಹಾಳೆಯ ಮೇಲಿಟ್ಟು ಇದ್ದಲಿನ ಪುಡಿಯ ಪೊಟ್ಟಣದಿಂದ ಬಡಿದರೆ ತೂತುಗಳೊಳಗಿಂದ ಕರಿ ಚುಕ್ಕೆಗಳು ಇಳಿದು ಅದೇ ಚಿತ್ರ ಮೂಡುತ್ತದೆ. ತಾಳಿಗೆ ಸೂಜಿ ಚುಚ್ಚಬಾರದು, ಕುಂಕುಮಕ್ಕೆ ಮಸಿ ಬಡಿಯಬಾರದು. ಹಾಗಾಗಿ ಅವೆರಡನ್ನೂ ಕಚ್ಚಾ ಹಾಳೆಯಲ್ಲಿ ಬರೆಯುವುದೇ ಇಲ್ಲ. ಬಣ್ಣವೆಲ್ಲ ಮುಗಿದ ಮೇಲೆ ತಾಳಿಯನ್ನು ಕುಂಚದಿಂದ ಬರೆದು, ಕೊನೆಗೆ ಆ ಮನೆಯ ಮುತ್ತೈದೆಯ ಕೈಯಿಂದ ಕುಂಕುಮ ಇಡಿಸುತ್ತಾರೆ.

"ಇದನ್ನು ನನಗೇಕೆ ಹೇಳಲಿಲ್ಲ?" ಎಂದು ವಕೀಲರು ಕೇಳಿದರು.

"ನೀವು ಕೇಳ್ಲೇ ಇಲ್ರಿ. ನೀವು ಹೇಳಾಕತ್ತಿದ್ರಿ."

ಕೇಳಲು ಸೊಗಸಾದ ಮಾತು, ಆದರೆ ನನಗೆ ನಗೆ ಬರಲಿಲ್ಲ. ಈ ಮನುಷ್ಯನಿಗೆ ಎಲ್ಲ ಗೊತ್ತಿತ್ತು. ಬಟ್ಟೆ ವ್ಯಾಪಾರಿಯ ಹೆಂಡತಿಯ ಚಿತ್ರ ಯಾರಿಗೂ ಬೇಡ, ಕುಣಿಯುವವಳದಾದರೆ ಹೈದರಾಬಾದಿನ ದಿವಾನಖಾನೆಗಳಿಗೆ ಬೇಕು ಎಂದು ತಿಳಿದೇ ಅವನು ಹೂಂಗುಟ್ಟಿದ್ದ. ಓದಿದವರ ತಪ್ಪು ತಿಳಿಯದೆ ಮಾಡಿದ್ದು. ಇವನದು ತಿಳಿದು ಮಾಡಿದ್ದು. ನಾನು ಅವನ ಮನೆಯಲ್ಲೇ ನಿಂತು ಅದನ್ನು ಅವನಿಗೆ ಹೇಳಿದೆ. ಅವನು ಕುಂಚ ತೊಳೆಯುತ್ತ ನಿಂತ.

ವಕೀಲರು ಪೆನ್ನು ತೆಗೆದು ಚೀಟಿಯ ಮೇಲಿನ ಅಕ್ಷರ ಹೊಡೆದುಹಾಕಿದರು. ಒಂದು ಕ್ಷಣ ಅವರು ಒಳ್ಳೆಯವರೆಂದುಕೊಂಡೆ. ಆಮೇಲೆ ಬರೆದರು: ‘ಗುರುತಿಲ್ಲದ ಸ್ತ್ರೀ.’

"ಗುರುತಿಲ್ಲ ಅಂದ್ರ? ಹೆಸ್ರು ಗುರವ್ವ ಅಂತ ಹೇಳಾಕತ್ತೀನಲ್ರಿ" ಎಂದಳು ಅತ್ತೆ.

"ಮರ್ಯಾದಸ್ಥರ ಮನೆಯ ಸ್ತ್ರೀಯ ಹೆಸರನ್ನು ಪ್ರದರ್ಶನದಲ್ಲಿ ಹಾಕುವುದು ಸರಿಯಲ್ಲ, ತಾಯಿ."

ಕುಣಿಯುವವಳಾದರೆ ಊರಿಗೆಲ್ಲ ತೋರಿಸಬಹುದು, ಮನೆಯವಳಾದರೆ ಹೆಸರೇ ಇರಬಾರದು. ಅವರು ಹಾಳೆ ಬಿಡಲೂ ಒಪ್ಪಲಿಲ್ಲ. ವ್ಯಾಪಾರದ ಮಾತು ಮುಗಿದಿದೆ, ಮಧ್ಯಾಹ್ನ ಬಂದು ಒಯ್ಯುತ್ತೇನೆ ಎಂದು ಹೊರಟುಹೋದರು.

ಅತ್ತೆ ಅವರನ್ನು ತಡೆಯಲಿಲ್ಲ. ಅವಳು ಹೋಗಿ ಈರಣ್ಣನ ಹೊಸ್ತಿಲ ಮೇಲೆ ನಟ್ಟನಡುವೆ ಕುಳಿತುಕೊಂಡಳು.

"ಇದೇನ್ರಿ ಅವ್ವಾರ? ಗಿರಾಕಿ ಬರೋ ಹೊತ್ತು" ಎಂದು ಈರಣ್ಣ ಗಾಬರಿಯಾದ.

"ನನ್ನ ಮಾರಿ ಕಂಡ್ರ ಮೋಟಾರು ಸುದ್ದಾ ಕೆಟ್ಟು ನಿಲ್ತೈತಂತ. ನಿನ್ನಿ ಡ್ರೈವರ್ ಹೇಳ್ಯಾನ. ನಿನ್ನ ಬೋಣಿ ಹ್ಯಾಂಗ ಆಗ್ತೈತಿ ನೋಡೂಣು. ಆ ಹಾಳಿ ಹೋಗೂದ್ರೊಳಗ ಮಸಿ ಬಡದು ನಂಗೊಂದು ಅವ್ವನ್ನ ತಗದು ಕೊಡು. ಅಲ್ಲೀತನ ನಾ ಏಳಾಕಿ ಅಲ್ಲ."

ಓಣಿಯ ಜನ ನಿಂತು ನೋಡತೊಡಗಿದರು. ಜೀವಮಾನವಿಡೀ ತನ್ನ ಮೇಲೆ ಎಸೆದ ಕಲ್ಲನ್ನು ಅತ್ತೆ ಕೈಗೆತ್ತಿಕೊಂಡದ್ದು ಅದೇ ಮೊದಲು. ನನಗೆ ಎಷ್ಟು ಖುಷಿಯಾಯಿತೆಂದರೆ ನಾನೂ ಹೋಗಿ ಪಕ್ಕದಲ್ಲಿ ಕುಳಿತೆ. ಈರಣ್ಣ ಬಹಳ ಹೊತ್ತು ತಾಳಲಾರದೆ ಒಪ್ಪಿದ.

ಹಳೆಯ ಹಾಳೆಯಲ್ಲಿ ಹಿಂದೆಯೇ ಚುಚ್ಚಿದ್ದ ತೂತುಗಳ ಮೇಲೆ ಇದ್ದಲಿನ ಪೊಟ್ಟಣ ಮೆಲ್ಲಗೆ ಬಡಿದ. ಮೇಲಿನ ಹಾಳೆ ಎತ್ತಿದಾಗ ಕೆಳಗೆ ಕರಿ ಚುಕ್ಕೆಗಳಲ್ಲಿ ಅದೇ ಮುಖ ಕುಳಿತಿತ್ತು. ಮೋಸಗಾರನಾದರೂ ಕೈ ಮಾತ್ರ ಕೈಯೇ. ಚುಕ್ಕೆ ಕೂಡಿಸಿ ಗೆರೆ ಎಳೆದ, ಕಣ್ಣಿಗೆ ಬೊಂಬೆ ಇಟ್ಟ. ನೋಟ ಓರೆಯಾಗಿರಲಿಲ್ಲ. ನೇರವಾಗಿ ಅತ್ತೆಯನ್ನೇ ನೋಡುತ್ತಿತ್ತು.

"ಕಿವಿಗೆ ಓಲಿ ಬರೀಲ್ಯಾ? ಹರದದ್ದು ಮುಚ್ಚತೈತಿ" ಎಂದ.

"ಬ್ಯಾಡ. ಹಂಗ ಇರ್ಲಿ. ಅದು ನಂದು" ಎಂದಳು ಅತ್ತೆ.

ಹಳದಿಯಲ್ಲಿ ತಾಳಿ ಬರೆದಾಯಿತು. ಈರಣ್ಣನ ಹೆಂಡತಿ ಕುಂಕುಮದ ಭರಣಿ ತಂದು, ಅತ್ತೆಯನ್ನು ದಾಟಿ, ನನ್ನ ಮುಂದೆ ಹಿಡಿದಳು. ನಾನು ಅದನ್ನು ತೆಗೆದುಕೊಂಡು ಅತ್ತೆಯ ಮುಂದೆ ಹಿಡಿದೆ.

"ಅಕ್ಕಾರ, ರೂಢಿ ಐತ್ರಿ, ಮುತ್ತೈದಿ ಕೈಯಾಗ" ಎಂದು ಈರಣ್ಣನ ಹೆಂಡತಿ ತಡವರಿಸಿದಳು.

"ಮುತ್ತೈದಿ ಆಕಿ ಅದಾಳ. ಆಕಿಗೆ ನಾ ಮಗಳು" ಎಂದಳು ಅತ್ತೆ. ಉಂಗುರದ ಬೆರಳು ಅದ್ದಿ ತಾಯಿಯ ಹಣೆಗೆ ಇಟ್ಟಳು. ಬೊಟ್ಟು ತುಸು ಸೊಟ್ಟಾಯಿತು. ಆಗ ನನಗೆ ಅಳು ತಡೆಯಲಿಲ್ಲ.

ಆ ಸಂಜೆಯೇ ಶಹಾಪುರಕ್ಕೆ ಬಂದು, ಮರುದಿನ ಬೆಳಿಗ್ಗೆ ಅದೇ ಹೊಗೆಯ ಮೋಟಾರು ಹಿಡಿದೆವು. ಅದೇ ಡ್ರೈವರ್. ಅತ್ತೆ ಬಟ್ಟೆಯಲ್ಲಿ ಸುತ್ತಿದ ಚಿತ್ರವನ್ನು ಎದೆಗೆ ಅವಚಿಕೊಂಡು ಯಾರನ್ನೂ ಕೇಳದೆ ಎಲ್ಲರಿಗಿಂತ ಮೊದಲು ಹತ್ತಿದಳು. ಡ್ರೈವರ್ ಬಾಯಿ ತೆರೆದ, ನನ್ನ ಮುಖ ನೋಡಿ ಮುಚ್ಚಿದ. ಯಾದಗಿರಿಯವರೆಗೆ ಮೋಟಾರು ಎಲ್ಲೂ ಕೆಡಲಿಲ್ಲ. ಅತ್ತೆಯ ಬೆರಳ ತುದಿಯ ಕೆಂಪು ಇನ್ನೂ ಹಾಗೇ ಇತ್ತು. ಅವಳು ಹಿಂದಿನ ರಾತ್ರಿ ಎಡಗೈಯಲ್ಲಿ ಚಮಚೆ ಹಿಡಿದು ಉಂಡಿದ್ದಳು.

ಮನೆಗೆ ಬಂದು ಚಿತ್ರವನ್ನು ಪಡಸಾಲೆಯ ಗೋಡೆಗೆ, ಹೊಸ್ತಿಲ ಎದುರಿಗೇ, ಮೊಳೆ ಹೊಡೆದು ಹಾಕಿದೆವು. ಮಾವ ಅಂಗಡಿಯಿಂದ ಬಂದವರು ಬಾಗಿಲಲ್ಲೇ ನಿಂತರು.

"ಯಾರಿದು?"

"ನಿಮ್ಮವ್ವ. ಕಾಲ್ಮರಿ ಬಿಟ್ಟು ಒಳಗ ಬಾ" ಎಂದಳು ಅತ್ತೆ.

ಮಾವ ನನ್ನನ್ನು ನೋಡಿದರು. ಅಕ್ಕನ ಕೆಂಪು ಬೆರಳು ನೋಡಿದರು. ಬೈಯುತ್ತಾರೆಂದು ನಾನು ಉತ್ತರ ಕೂಡಿಸಿಕೊಂಡು ನಿಂತಿದ್ದೆ. ಅವರು ಬಗ್ಗಿ ಚಪ್ಪಲಿ ಬಿಟ್ಟರು, ಒಳಗೆ ಬಂದರು, ಗೋಡೆಯ ಹತ್ತಿರ ಹೋಗಿ ಚಷ್ಮಾ ಏರಿಸಿಕೊಂಡರು. ಬಹಳ ಹೊತ್ತು ನೋಡಿದರು. ಕೈ ತಾನಾಗಿ ತಮ್ಮ ಮೂಗಿಗೆ, ಗಲ್ಲಕ್ಕೆ ಹೋಯಿತು.

"ಅಕ್ಕಾ, ಈಕಿ ಮಾರಿ ನನ್ನಂಗ ಐತಲ್ಲ" ಎಂದರು ಕೊನೆಗೆ, ಸಣ್ಣ ದನಿಯಲ್ಲಿ.

"ಆಕಿ ನಿನ್ನಂಗಲ್ಲೋ ಖೋಡಿ" ಎಂದಳು ಅತ್ತೆ. "ನೀ ಆಕಿಯಂಗ."